ಒಗೆಯೋ ಕಲ್ಲು

ಎರಡು ಬೆರಳಗಲದ ಕಾಗದದ ಪಟ್ಟಿಯನ್ನು ತುಟಿಯಿಂದ ನಾಲ್ಕು ಬೆರಳು ದೂರದಲ್ಲಿ ಹಿಡಿದು ‘ಹ’ ಎಂದರೆ ಅದರ ತುದಿ ಅಲುಗಬೇಕು. ಅಲುಗದಿದ್ದರೆ ನಾವು ಹೇಳಿದ್ದು ‘ಅ’. ನಾಲ್ಕನೇ ತರಗತಿಯಲ್ಲಿ ನಮ್ಮ ಕನ್ನಡ ಟೀಚರ್ ಪ್ರತಿ ಸೋಮವಾರ ಮೊದಲ ಪೀರಿಯಡ್‌ನಲ್ಲಿ ಈ ಪರೀಕ್ಷೆ ಮಾಡುತ್ತಿದ್ದರು. ಒಬ್ಬೊಬ್ಬರೇ ಎದ್ದು, ಕಾಗದ ಹಿಡಿದು, ಭಾನುವಾರ ಏನು ಮಾಡಿದೆವೆಂದು ಒಂದು ವಾಕ್ಯ ಹೇಳಬೇಕು. ಹಳ್ಳಿಗಳಿಂದ ಕೆಜಿಎಫ್‌ನ ಶಾಲೆಗೆ ಬರುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರ ಕಾಗದ ಅಲುಗುತ್ತಿರಲಿಲ್ಲ. ನನ್ನದು ಅಲುಗುತ್ತಿತ್ತು. ಹೆಸರು ಕೇಳಿದರೂ ನೆಲ ನೋಡುತ್ತಿದ್ದ ನಾನು ಇಡೀ ತರಗತಿಯ ಎದುರು ತಲೆ ಎತ್ತಿ ಮಾಡುತ್ತಿದ್ದ ಕೆಲಸ ಅದೊಂದೇ. ಹಾಗಾಗಿ ಆ ಪಟ್ಟಿಯನ್ನು ಕಂಪಾಸ್ ಬಾಕ್ಸಿನಲ್ಲಿಟ್ಟು ಜೋಪಾನ ಮಾಡುತ್ತಿದ್ದೆ, ಮನೆಗೂ ತರುತ್ತಿದ್ದೆ.

ಮನೆಯಲ್ಲಿ ಅದಕ್ಕೆ ಬೇಕಾದಷ್ಟು ಕೆಲಸವಿತ್ತು. ನಮ್ಮ ಊರು ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವ ರಸ್ತೆಯಲ್ಲಿ. ಅಪ್ಪ ಅಲ್ಲೇ ಹುಟ್ಟಿದವನು. ಅಮ್ಮ ಹುಟ್ಟಿದ್ದು ಕೆಜಿಎಫ್‌ನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಅವಳ ತಂದೆತಾಯಿ ನವಲಗುಂದದ ಕಡೆಯಿಂದ ಕೆಲಸಕ್ಕೆ ಬಂದವರು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅಮ್ಮ ತನ್ನ ತವರಿನ ಮಾತು ಬಿಟ್ಟಿರಲಿಲ್ಲ. ಅಪ್ಪನ ತಾಯಿ, ಅಂದರೆ ನನ್ನ ಅಜ್ಜಿ, ತನ್ನ ಮಾತು ಬಿಡುವ ಪ್ರಶ್ನೆಯೇ ಇರಲಿಲ್ಲ. ಒಂದೇ ಒಲೆಯ ಮುಂದೆ ಒಬ್ಬಳು ‘ಹಂಗ’ ಅನ್ನುತ್ತಿದ್ದಳು, ಇನ್ನೊಬ್ಬಳು ‘ಅಂಗೆ’. ಅಜ್ಜಿ ಹುಳಿಗೆ ಉಳಿ ಅನ್ನುತ್ತಿದ್ದಳು, ಹಾಲಿಗೆ ಆಲು ಅನ್ನುತ್ತಿದ್ದಳು. ಊಟಕ್ಕೆ ಕೂತಾಗ ಜಗಳ ಶುರುವಾಗುತ್ತಿದ್ದದ್ದು ಅಲ್ಲಿಂದಲೇ.

“ಇನ್ನೊಂದೀಟು ಉಳಿ ಆಕಮ್ಮ.”

“ಅತ್ತಿ, ಉಳಿ ತಿಂದ್ರ ಹೊಟ್ಟಿ ಕೊಯ್ತೈತ್ರಿ. ಹುಳಿ ಹಾಕ್ಲೇನು?”

“ನಿಮ್ ಕಡೆ ಒಳೆಗಿಳೆ ಅರೀತಾವಂತೆ, ಅದ್ಕೇ ಮಾತ್ನಾಗೂ ಉಸ್ರು ಚೆಲ್ತೀರ. ನಮ್ಮೂರ್ನಾಗೆ ನೀರೂ ಅಳ್ತೆ, ಉಸ್ರೂ ಅಳ್ತೆ ಕಣಮ್ಮ.”

ನಾನು ಯಾವಾಗಲೂ ಅಮ್ಮನ ಪಕ್ಷ. ಕೈ ತೊಳೆದವಳೇ ಕಾಗದದ ಪಟ್ಟಿ ತಂದು ಅಜ್ಜಿಯ ಮುಂದೆ ಹಿಡಿಯುತ್ತಿದ್ದೆ. ಅಜ್ಜಿ ಗಂಭೀರವಾಗಿ ಬಾಯಿ ತೆರೆದು ‘ಅ’ ಎನ್ನುತ್ತಿದ್ದಳು. ಕಾಗದ ನಿಂತಲ್ಲೇ ನಿಲ್ಲುತ್ತಿತ್ತು. ಒಮ್ಮೊಮ್ಮೆ ನನ್ನ ಸಮಾಧಾನಕ್ಕೆಂದು ಉಫ್ ಎಂದು ಊದಿ ಅದನ್ನು ಹಾರಿಸಿಬಿಡುತ್ತಿದ್ದಳು. ಅದು ಲೆಕ್ಕಕ್ಕಿಲ್ಲ ಎಂದು ನಾನು ಹೇಳುತ್ತಿದ್ದೆ.

ನೀರು ಅಳತೆಯೆಂದು ಅಜ್ಜಿ ಹೇಳಿದ್ದು ತಮಾಷೆಗಲ್ಲ. ನಮ್ಮ ಕಡೆ ನದಿಗೆ ಹೆಸರಿತ್ತು, ನೀರಿರಲಿಲ್ಲ. ಪಾಲಾರ್ ಎಂದು ಅಪ್ಪ ತೋರಿಸಿದ್ದು ಬರೀ ಮರಳು. ಊರಿನ ನಲ್ಲಿ ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಬಚ್ಚಲಿನಲ್ಲಿ ಎರಡು ತೊಟ್ಟಿ, ಅಡುಗೆಮನೆಯಲ್ಲಿ ಐದು ಬಿಂದಿಗೆ, ಹಿತ್ತಿಲಲ್ಲಿ ಒಂದು ಡ್ರಮ್ಮು. ಮೈ ತೊಳೆದ ನೀರು ಕರಿಬೇವಿನ ಬುಡಕ್ಕೆ, ಅಕ್ಕಿ ತೊಳೆದ ನೀರು ಹಸುವಿನ ಬಾನಿಗೆ. ಬಟ್ಟೆಗೆ ಮೂರು ಬಕೆಟ್: ಮೊದಲನೆಯದರಲ್ಲಿ ಸೋಪು, ಎರಡನೆಯದರಲ್ಲಿ ಜಾಲಿಸುವುದು, ಮೂರನೆಯದರಲ್ಲಿ ಇನ್ನೊಮ್ಮೆ ಜಾಲಿಸುವುದು. ಮೂರನೆಯ ಬಕೆಟ್ಟಿನ ನೀರು ಮುಂದಿನ ಕಂತಿನ ಬಟ್ಟೆಗೆ ಮೊದಲನೆಯದಾಗುತ್ತಿತ್ತು. ಈ ಕ್ರಮ ತಪ್ಪಿದರೆ ಅಜ್ಜಿ ಇಡೀ ಬೆಳಿಗ್ಗೆ ಗೊಣಗುತ್ತಿದ್ದಳು. ನಾನಿಂದಿಗೂ ಬಟ್ಟೆ ಒಗೆಯುವಾಗ ಮೂರರವರೆಗೆ ಎಣಿಸುತ್ತೇನೆ.

ಈ ಮೂರು ಬಕೆಟ್ಟಿನಲ್ಲಿ ಹಿಡಿಸದ ವಸ್ತು ಮನೆಯಲ್ಲಿ ಒಂದೇ ಇತ್ತು, ನಡುಮನೆಯ ಜಮಖಾನ. ಅಜ್ಜಿಯ ಮದುವೆಗೆ ಅವಳ ಅಪ್ಪ ಕೊಟ್ಟಿದ್ದು. ಹದಿನೈದು ಜನ ಕೂತು ಉಣ್ಣುವಷ್ಟು ಉದ್ದ. ಹಬ್ಬಕ್ಕೆ, ನಾಮಕರಣಕ್ಕೆ, ನೆಂಟರು ಬಂದಾಗ ಹಾಸುವುದು; ಆಮೇಲೆ ಕೋಲಿನಿಂದ ಬಡಿದು, ಬಿಸಿಲಿಗೆ ಹಾಕಿ, ಮಡಿಸಿಡುವುದು. ಒಗೆದದ್ದನ್ನು ಯಾರೂ ಕಂಡಿರಲಿಲ್ಲ. ಅದಕ್ಕೆ ಹಳೆಯ ಬೆಲ್ಲದ ಬಣ್ಣ. ತುಪ್ಪ, ಅರಿಶಿನ, ಧೂಪ, ಅಪ್ಪನಿಂದ ಹಿಡಿದು ನನ್ನವರೆಗೆ ಎಲ್ಲ ಕೂಸುಗಳ ಉಚ್ಚೆ, ಇವೆಲ್ಲ ಸೇರಿದ ವಾಸನೆ. ನನಗೆ ಜ್ವರ ಬಂದಾಗ ನಾನು ಹಟ ಮಾಡಿ ಮಲಗುತ್ತಿದ್ದದ್ದು ಅದರ ಮೇಲೆಯೇ. ಅದನ್ನು ಮಡಿಸುವಾಗಲೆಲ್ಲ ಅಜ್ಜಿಯ ಬಾಯಲ್ಲಿ ಒಂದೇ ಮಾತು:

“ಒಂದ್ ಸಲ ಅರಿಯೋ ನೀರ್ನಾಗೆ ಇದನ್ನ ಬಿಡ್ಬೇಕು ಕಣಮ್ಮ. ನನ್ನ ಕಣ್ಣು ಕಾಣೋಗಂಟ.”

ಆದರೆ ಅಜ್ಜಿ ಎಲ್ಲಿಗೂ ಹೋಗುವಂತಿರಲಿಲ್ಲ. ಕಾರಣ ಕೆಂಪಿ. ಅದು ನಮ್ಮ ಹಸು. ಅಜ್ಜಿಯ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಇಳಿಸುತ್ತಿರಲಿಲ್ಲ. ಅಮ್ಮ ಕೂತರೆ ಒದೆಯುತ್ತಿತ್ತು, ಅಪ್ಪ ಕೂತರೆ ಬಕೆಟ್ಟಿನ ಮೇಲೇ ಕಾಲಿಡುತ್ತಿತ್ತು. ಹಾಗಾಗಿ ಅಜ್ಜಿಯ ಲೋಕ ಬೆಳಗಿನ ಡೈರಿಗೂ ಸಂಜೆಯ ಡೈರಿಗೂ ನಡುವೆ ಎಷ್ಟು ದೂರ ಹೋಗಿ ಬರಬಹುದೋ ಅಷ್ಟು. ಒಮ್ಮೆ ಕಾಮಸಮುದ್ರದಲ್ಲಿ ತಂಗಿಯ ಮಗಳ ಮದುವೆಗೆ ಹೋದವಳು ಧಾರೆ ಮುಗಿಯುವ ಮೊದಲೇ ಬಸ್ಸು ಹತ್ತಿ ಬಂದಿದ್ದಳು.

ಅಪ್ಪನಿಗೊಂದು ವ್ಯಾನಿತ್ತು. ವಾರದ ದಿನಗಳಲ್ಲಿ ನನ್ನನ್ನೂ ಸುತ್ತಲ ಹಳ್ಳಿಯ ಮಕ್ಕಳನ್ನೂ ಕೆಜಿಎಫ್‌ನ ಶಾಲೆಗೆ ಬಿಟ್ಟು ಬರುವುದು ಅವನ ಕೆಲಸ. ವ್ಯಾನಿನ ರಿಪೇರಿ ನೋಡಿಕೊಳ್ಳುತ್ತಿದ್ದವರು ಕೆಜಿಎಫ್‌ನ ಕೋರಮಂಡಲ್ ಬಡಾವಣೆಯ ಸೆಲ್ವಂ ಮಾಮ. ಅವರ ತಂದೆ ಗಣಿಯಲ್ಲಿದ್ದವರು. ಗಣಿ ಮುಚ್ಚಿದ ಮೇಲೆ ಮಗ ಸ್ಪ್ಯಾನರ್ ಹಿಡಿದರು. ಒಂದು ಶುಕ್ರವಾರ ಹೊಸ ಕ್ಲಚ್ ಪ್ಲೇಟ್ ಹಾಕಿ, ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಅವರೇ ಮಾತು ತೆಗೆದರು. ಅಜ್ಜಿಯನ್ನು ಅವರು ತಮಿಳಿನಲ್ಲಿ ಪಾಟಿ ಎಂದೇ ಕರೆಯುತ್ತಿದ್ದರು.

“ಕ್ಲಚ್ ಸೆಟ್ ಆಗ್ಬೇಕು ಅಂದ್ರೆ ದೂರ ಓಡಿಸ್ಬೇಕು. ಭಾನುವಾರ ಒಗೇನಕ್ಕಲ್ ಹೋಗಿಬರೋಣ. ಗಾಟಲ್ಲಿ ಇಳಿದ್ರೆ ಕಾವೇರಿ. ಪಾಟಿ, ನೀನೂ ಬಾ ಪಾಟಿ.”

ಅಜ್ಜಿ ರಾಗಿ ಬೀಸುವುದನ್ನು ನಿಲ್ಲಿಸಿದಳು.

“ಏನಂದೆ? ಒಗಿಯೋ ಕಲ್ಲಾ?”

“ಆಮಾ, ಒಗೇನಕ್ಕಲ್ಲು.”

“ನೀರು ಐತಾ?”

“ನೀರಾ? ಎನ್ನ ಪಾಟಿ, ಹಿಂಗೆ ಕೇಳ್ತೀಯ! ನೀರು ಬಿಟ್ರೆ ಅಲ್ಲಿ ಇನ್ನೇನೂ ಇಲ್ಲ.”

“ಬೆಳಗಿನ ಆಲು ಕರ್ದು ಒಂಟ್ರೆ, ಸಾಯಂಕಾಲ ಕರಿಯೋ ಒತ್ಗೆ ಬತ್ತೀವಾ?”

“ಒಂದೂವರೆಗೆ ಅಲ್ಲಿಂದ ಬಿಟ್ರೆ ಐದೂವರೆಗೆ ನಿನ್ನ ಕೆಂಪಿ ಮುಂದೆ ನಿಲ್ಲಿಸ್ತೀನಿ.”

“ಅಂಗಾದ್ರೆ ನಾನೂ ಬತ್ತೀನಿ.”

ಅಪ್ಪನ ಕೈಯ ಲೋಟದಿಂದ ಕಾಫಿ ತುಳುಕಿದ್ದು ನನಗೆ ನೆನಪಿದೆ. ಅಜ್ಜಿ ಯಾಕೆ ಒಪ್ಪಿದಳೆಂದು ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿದದ್ದು ಮರುದಿನ ಸಂಜೆ. ನಡುಮನೆಯ ಮೂಲೆಯಲ್ಲಿ ಅವಳು ಜಮಖಾನವನ್ನು ಮೊಣಕಾಲಿನಿಂದ ಒತ್ತಿ ಒತ್ತಿ ಗೋಣಿಚೀಲಕ್ಕೆ ತುಂಬುತ್ತಿದ್ದಳು. ಜೊತೆಗೆ ಒಂದು ಬಟ್ಟೆಗಂಟಿನಲ್ಲಿ ಅಂಟುವಾಳದ ಕಾಯಿ. ನನ್ನನ್ನು ಕಂಡು ಬೆರಳನ್ನು ತುಟಿಯ ಮೇಲಿಟ್ಟಳು.

“ಒಗಿಯೋಕೇ ಅಂತ ಕಲ್ಲಿರೋ ಊರಂತೆ ಪಾಪ. ಯಾರ್ಗೂ ಏಳ್ಬೇಡ. ನಿಮ್ಮಪ್ಪ ಭಾರ ಅಂತ ಬ್ಯಾಡ ಅಂತಾನೆ. ಕೂರೋಕ್ಕೆ ಮೆತ್ತಗಿರ್ಲಿ ಅಂತ ತಂದಿವ್ನಿ ಅಂತೀನಿ.”

ನನಗೆ ತಕ್ಷಣ ಅರ್ಥವಾಯಿತು. ಟೀಚರ್ ಆ ಜಾಗದ ಹೆಸರನ್ನು ಬೋರ್ಡಿನ ಮೇಲೆ ಬರೆಸಿದ್ದರು, ಹಕಾರದ ಪಟ್ಟಿಯಲ್ಲಿ: ಹೊಗೆನಕಲ್, ಹೊಗೆಯ ಕಲ್ಲು. ನೀರು ಬಂಡೆಗೆ ಬಡಿದು ಹೊಗೆಯಂತೆ ಏಳುವುದರಿಂದ ಆ ಹೆಸರು. ಅದು ಜನ ನೋಡಲು ಹೋಗುವ ಜಲಪಾತ. ಅಲ್ಲಿಗೆ ಮೈಲಿಗೆ ಬಟ್ಟೆ ಕಟ್ಟಿಕೊಂಡು ಹೋಗುವವರು ಭೂಮಿಯ ಮೇಲೆ ನಮ್ಮಜ್ಜಿ ಒಬ್ಬಳೇ ಇರಬೇಕು. ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಆದರೆ ಆ ‘ಹ’ ಗಂಟಲಿನಲ್ಲೇ ಕೂತಿತು.

ಭಾನುವಾರ ನಾಲ್ಕೂವರೆಗೆ ಕೆಂಪಿಯ ಹಾಲು ಕರೆದಾಯಿತು. ಪಕ್ಕದ ಮನೆಯವರು ಡೈರಿಗೆ ಹಾಲು ಹಾಕಲು ಒಪ್ಪಿದ್ದರು. ಐದೂವರೆಗೆ ವ್ಯಾನು ಹೊರಟಿತು. ಮುಂದೆ ಅಪ್ಪ ಮತ್ತು ಸೆಲ್ವಂ ಮಾಮ, ಹಿಂದೆ ನಾನು, ಅಮ್ಮ, ಗೋಣಿಚೀಲದ ಮೇಲೆ ಎತ್ತರವಾಗಿ ಕೂತ ಅಜ್ಜಿ. ಬೂದಿಕೋಟೆ ದಾಟುವಾಗ ಬೆಳಕು ಹರಿಯಿತು. ತಮಿಳುನಾಡಿನ ಗಡಿ ದಾಟಿದ ಮೇಲೆ ಅಂಗಡಿ ಬೋರ್ಡುಗಳೆಲ್ಲ ಒಮ್ಮೆಲೇ ನನಗೆ ಓದಲು ಬಾರದವಾದವು. ಕೃಷ್ಣಗಿರಿಯ ಮಾವಿನ ತೋಪುಗಳಲ್ಲಿ ಅಜ್ಜಿ ಪ್ರತಿ ಮರದ ಬುಡ ನೋಡಿ “ಯಾವ್ದಕ್ಕೂ ನೀರು ಬಿಟ್ಟಿಲ್ಲ” ಎಂದಳು. ಧರ್ಮಪುರಿಯ ಹತ್ತಿರ ಹುಣಿಸೆಮರದ ಕೆಳಗೆ ವ್ಯಾನು ನಿಲ್ಲಿಸಿ ಚಿತ್ರಾನ್ನ, ಚಟ್ನಿಪುಡಿ, ಅಮ್ಮನ ಕಡೆಯ ಕಟಕರೊಟ್ಟಿ ತಿಂದೆವು. ಸೆಲ್ವಂ ಮಾಮ ರೊಟ್ಟಿ ಕಚ್ಚಿ ಹಲ್ಲು ಮುಟ್ಟಿ ನೋಡಿಕೊಂಡರು. ಕೈ ತೊಳೆಯಲು ಅಜ್ಜಿ ಎಲ್ಲರಿಗೂ ಅರ್ಧರ್ಧ ಲೋಟ ನೀರು ಕೊಟ್ಟಳು. ಕಾವೇರಿಗೆ ಹೋಗುವಾಗಲೂ ಅರ್ಧ ಲೋಟವೇ ಎಂದು ಅಪ್ಪ ನಕ್ಕ.

ಪೆನ್ನಾಗರಂ ದಾಟಿದ ಮೇಲೆ ಕಾಡು ಶುರುವಾಯಿತು. ರಸ್ತೆ ಇಳಿಯತೊಡಗಿತು. ತಿರುವು ತಿರುವಿನಲ್ಲೂ ಎದುರಿಗೆ ಬೆಟ್ಟದ ಸಾಲು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ನೀಲಿಯದೊಂದು. ಕೋತಿಗಳು ತಡೆಗೋಡೆಯ ಮೇಲೆ ಸಾಲಾಗಿ ಕೂತಿದ್ದವು. ಅಜ್ಜಿ ಮುಂದಕ್ಕೆ ಬಾಗಿ ಸೆಲ್ವಂ ಮಾಮನ ಭುಜ ತಟ್ಟಿದಳು.

“ಅಲ್ಲಪ್ಪ, ಕಲ್ಲು ಒಂದೇ ಐತೋ, ಬಾಳ ಅವೋ?”

“ಕಲ್ಲಾ? ಎಲ್ಲಿ ನೋಡಿದ್ರೂ ಕಲ್ಲೇ ಪಾಟಿ.”

“ಜನ ಬಾಳ ಇರ್ತಾರಾ? ನಮ್ಮ ಸರ್ತಿ ಬರೋಗಂಟ ಕಾಯ್ಬೇಕಾ?”

ಸೆಲ್ವಂ ಮಾಮ ಜಲಪಾತ ನೋಡಲು ತೆಪ್ಪ ಹತ್ತುವವರ ಸಾಲಿನ ಮಾತೆಂದುಕೊಂಡರು.

“ಭಾನುವಾರ ಅಲ್ವಾ, ಅರ್ಧ ಗಂಟೆ ಕಾಯ್ಬೇಕು. ಒಂದೊಂದ್ರಲ್ಲಿ ನಾಲ್ಕ್ ನಾಲ್ಕ್ ಜನ.”

“ಒಂದ್ ಕಲ್ಗೆ ನಾಕ್ ಜನಾನಾ!” ಎಂದು ಅಜ್ಜಿ ಬೆರಗಾದಳು.

ನನಗೆ ತಡೆಯಲಾಗಲಿಲ್ಲ. ಅಜ್ಜಿಯನ್ನು ನಗೆಪಾಟಲು ಮಾಡಬೇಕೆಂದಲ್ಲ. ತಪ್ಪು ಮಾತೊಂದು ಕಣ್ಣೆದುರೇ ಬೆಳೆಯುತ್ತ ಹೋಗುವುದನ್ನು ನೋಡುತ್ತ ಕೂರುವುದು ಆಗ ನನ್ನಿಂದ ಆಗುತ್ತಿರಲಿಲ್ಲ, ಅಷ್ಟೇ. ಜೇಬಿನಿಂದ ಕಾಗದದ ಪಟ್ಟಿ ತೆಗೆದು ತುಟಿಯ ಮುಂದೆ ಹಿಡಿದೆ.

“ಅಜ್ಜಿ, ಅದು ಒಗೆ ಅಲ್ಲ. ಹೊಗೆ. ಹೊಗೆನಕಲ್. ಅಲ್ಲಿ ಯಾರೂ ಬಟ್ಟೆ ಒಗೆಯಲ್ಲ.”

ಕಾಗದ ಚೆನ್ನಾಗಿಯೇ ಅಲುಗಿತು. ಅಮ್ಮ ನನ್ನನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಆಮೇಲೆ ಗೋಣಿಚೀಲವನ್ನು ನೋಡಿದಳು.

“ಅಯ್ಯ ಶಿವನ! ಜಮಖಾನ ತಂದೀರೇನ್ರಿ ಅತ್ತಿ?”

ಅಪ್ಪನಿಗೆ ನಗು ತಡೆಯಲಾಗದೆ ವ್ಯಾನನ್ನು ಬದಿಗೆ ನಿಲ್ಲಿಸಬೇಕಾಯಿತು. ಸೆಲ್ವಂ ಮಾಮ ಡ್ಯಾಶ್‌ಬೋರ್ಡಿಗೆ ಹಣೆ ಹಚ್ಚಿ ನಕ್ಕರು. ಅಮ್ಮನೂ ನಕ್ಕಳು, ಆದರೆ ಮೊದಲು ನಿಲ್ಲಿಸಿದವಳೂ ಅವಳೇ. ಅಜ್ಜಿ ಸೆರಗೆಳೆದು ಚೀಲದ ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗಿದಳು. ನನ್ನ ಮೇಲೆ ಕೋಪಿಸಿಕೊಂಡಿದ್ದರೆ ಚೆನ್ನಾಗಿತ್ತು. ಕೊಟ್ಟ ಮಾತು ಮುರಿದದ್ದಕ್ಕೆ ನನಗೆ ಸಿಕ್ಕ ಶಿಕ್ಷೆ ಅವಳ ಕತ್ತಿನ ಹಿಂಭಾಗ ಮಾತ್ರ. ವ್ಯಾನು ಮತ್ತೆ ಹೊರಟಿತು. ಕಾಗದವನ್ನು ಮಡಿಸಿ ಮಡಿಸಿ ಉಗುರಿನಷ್ಟು ಮಾಡಿದೆ.

ನಾಲ್ಕೈದು ತಿರುವಾದ ಮೇಲೆ ರಸ್ತೆಯ ಪಕ್ಕ ಒಂದು ದೊಡ್ಡ ಬೋರ್ಡು ಬಂತು. ಸೆಲ್ವಂ ಮಾಮ ಅಭ್ಯಾಸಬಲದಿಂದ ಗಟ್ಟಿಯಾಗಿ ಓದಿದರು.

“ಒ-ಗೇ-ನ-ಕ್ಕಲ್. ಬಂದೇಬಿಡ್ತು.”

ನನ್ನ ಕಿವಿ ನಿಮಿರಿತು.

“ಮಾಮ, ಹ ಎಲ್ಲಿ?”

“ಎಂತ ಹ? ಒ ಅಂತ ಬರೆದಿದೆ ಪಾಪ. ನಮ್ಮ ತಮಿಳಲ್ಲಿ ಇದರ ಹೆಸರೇ ಒಗೇನಕ್ಕಲ್. ನಾನು ಹುಟ್ಟಿದಾಗಿಂದ ಹಂಗೇ ಅನ್ನೋದು.”

ಅಜ್ಜಿ ಕಿಟಕಿಯಿಂದ ನಿಧಾನವಾಗಿ ತಿರುಗಿದಳು.

“ಏನಂತ ಬರ್ದವ್ರೆ?”

“ಒಗೇನಕ್ಕಲ್, ಪಾಟಿ.”

“ಸರ್ಕಾರದೋರೇ ಬರ್ದವ್ರಾ?”

“ಸರ್ಕಾರದೋರೇ.”

“ಕೇಳಿಸ್ತೇನೇ ಟೀಚರಮ್ಮ?” ಎಂದು ನನ್ನ ಕೆನ್ನೆ ಹಿಂಡಿ ಅಜ್ಜಿ ನಗತೊಡಗಿದಳು. ಅವಳು ಚೀಲದ ಮೇಲೆ ಕುಲುಕುತ್ತಿದ್ದರೆ ಸೀಟೂ ಕುಲುಕುತ್ತಿತ್ತು. ನನಗೆ ಆ ಕ್ಷಣ ಆದ ಸಂತೋಷ ಪರೀಕ್ಷೆಯಲ್ಲಿ ಮೊದಲು ಬಂದಾಗಲೂ ಆಗಿರಲಿಲ್ಲ. ತಪ್ಪೆಂದು ಸಾಬೀತಾಗುವುದರಲ್ಲೂ ಇಂಥ ಹಗುರವಿರುತ್ತದೆಂದು ಅಂದೇ ತಿಳಿದದ್ದು.

ಆದರೂ ಬಟ್ಟೆ ಒಗೆಯುವ ಜಾಗ ಸಿಗಬೇಕಲ್ಲ. ಅಷ್ಟರಲ್ಲಿ ನದಿ ಕಂಡಿತು. ಅಷ್ಟು ನೀರು, ಯಾರೂ ಬಿಡದೆ, ಯಾರೂ ಹಿಡಿದಿಡದೆ, ತನ್ನಷ್ಟಕ್ಕೆ ಹೋಗುತ್ತಿತ್ತು. ಆಚೆ ದಡ ಕರ್ನಾಟಕ ಎಂದು ಅಪ್ಪ ತೋರಿಸಿದ. ಅಂದರೆ ಆ ದಡದಲ್ಲಿ ‘ಹೊ’, ಈ ದಡದಲ್ಲಿ ‘ಒ’, ನಡುವೆ ನೀರು. ಎಲ್ಲೆಲ್ಲೂ ಸ್ನಾನ ಮಾಡುವವರು, ಎಣ್ಣೆ ತಿಕ್ಕುವವರು, ಮೀನು ಹುರಿಯುವವರು. ಈ ಜನರ ನಡುವೆ ಚೀಲ ಬಿಚ್ಚಲು ಅಜ್ಜಿಗೆ ಸಂಕೋಚವಾಯಿತು. “ಬ್ಯಾಡ ಬಿಡ್ಲಾ, ನೋಡಿದ್ದೇ ಸಾಕು” ಎಂದು ಅಪ್ಪನಿಗೆ ಹೇಳಿದಳು. ಆಗ ನಾನು, ಅಂಗಡಿಯಲ್ಲಿ ಪೆನ್ಸಿಲ್ ಕೇಳಲೂ ಅಮ್ಮನ ಹಿಂದೆ ನಿಲ್ಲುತ್ತಿದ್ದವಳು, ದಡದಲ್ಲಿ ಮೀನು ತೊಳೆಯುತ್ತಿದ್ದ ಹೆಂಗಸಿನ ಬಳಿಗೆ ಒಬ್ಬಳೇ ನಡೆದೆ. ಯಾವ ಭಾಷೆಯಲ್ಲಿ ಕೇಳಬೇಕೆಂದು ತಿಳಿಯದೆ, ಬಟ್ಟೆ ಬಡಿಯುವಂತೆ ಕೈ ಮಾಡಿ, “ಒಗಿಯೋ ಕಲ್ಲು ಎಲ್ಲೈತೆ?” ಎಂದೆ. ಅಜ್ಜಿಯ ಮಾತು ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಕನ್ನಡದಲ್ಲೇ ಉತ್ತರಿಸಿದಳು.

“ಆ ಮರ ದಾಟಿ ಕೆಳಕ್ಕೆ ಓಗು ಪಾಪ. ಅಲ್ಲಿ ನಾವೆಲ್ಲ ಒಗಿಯೋದು. ಒಳ್ಳೇ ಕಲ್ಲು.”

ನಿಜಕ್ಕೂ ಒಳ್ಳೆಯ ಕಲ್ಲು. ಚಪ್ಪಟೆ, ನುಣುಪು, ನೀರಿನತ್ತ ತುಸು ಇಳಿಜಾರು. ಅದರ ಪಕ್ಕದ ನೀರು ಅಪ್ಪನ ಮೊಣಕಾಲಿನಷ್ಟೇ ಆಳ. ಸೋಪು ಬೇಡ, ಹೊಳೆ ಕೆಡುತ್ತದೆ ಎಂದಳು ಅಮ್ಮ. ಅಜ್ಜಿ ಅಂಟುವಾಳದ ಗಂಟು ತೋರಿಸಿ, “ನಂಗೇ ಏಳ್ಕೊಡ್ತೀಯಾ?” ಎಂದಳು. ಅವಳು ತಿಕ್ಕಿದಳು, ಅಮ್ಮ ತುಳಿದಳು, ಅಪ್ಪ ಮತ್ತು ಸೆಲ್ವಂ ಮಾಮ ಬಡಿದರು. ಆಮೇಲೆ ನಾಲ್ವರೂ ನಾಲ್ಕು ಮೂಲೆ ಹಿಡಿದು ಜಮಖಾನವನ್ನು ಹರಿವಿಗೆ ಬಿಟ್ಟರು. ನಾನು ನಡುವೆ ನಿಂತು ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದೆ. ಮೂರು ಮುಗಿದ ಮೇಲೂ ನೀರು ಬರುತ್ತಲೇ ಇತ್ತು. ಮೊದಲು ಬೆಲ್ಲದ ಪಾಕದಂಥ ನೀರು ಹೋಯಿತು, ಆಮೇಲೆ ಚಹಾದಂಥದು, ಆಮೇಲೆ ತಿಳಿ. ಆ ತಿಳಿನೀರಿನ ಕೆಳಗೆ ಕೆಂಪು ಕಂಡಿತು. ಕೆಂಪಿನ ನಡುವೆ ಕಡುನೀಲಿ ಪಟ್ಟೆ. ಮೂಲೆಯಲ್ಲಿ, ನಾನು ಹುಟ್ಟಿದಾಗಿನಿಂದ ಕೊಳೆಯ ಕಲೆಯೆಂದುಕೊಂಡಿದ್ದ ಜಾಗದಲ್ಲಿ, ಎರಡು ನವಿಲು.

ಅಮ್ಮ ತನ್ನ ಮೂಲೆಯನ್ನು ಹತ್ತಿರಕ್ಕೆಳೆದು ನೋಡಿದಳು.

“ಅತ್ತಿ, ಇದು ನಮ್ಮ ಕಡೀದ್ ಜಮಖಾನ ಐತ್ರಿ! ನಮ್ಮವ್ವನ ಮನ್ಯಾಗೂ ಇಂಥಾವೇ ನವಲು.”

“ಎಲ್ಲಾನೂ ನಿಮ್ ಕಡೇದೇ! ನಮ್ಮಪ್ಪ ಬಂಗಾರಪೇಟೆ ಸಂತೇಲಿ ತಂದಿದ್ದು ಕಣಮ್ಮ.”

“ಸಂತಿಗೆ ಎಲ್ಲಿಂದ ಬಂದಿತ್ರೀ ಮತ್ತ?”

“ಅದ್ನ ನವಿಲ್ನೇ ಕೇಳು!”

ಆ ಜಗಳ ಮೊಣಕಾಲುದ್ದ ನೀರಿನಲ್ಲಿ ಶುರುವಾಗಿ ಮನೆಯವರೆಗೂ ನಡೆಯಿತು. ಅಷ್ಟು ಖುಷಿಯಿಂದ ಇಬ್ಬರೂ ಜಗಳವಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ತೆಪ್ಪದಲ್ಲಿ ಕೂರಲು ಯಾರಿಗೂ ಹೊತ್ತು ಸಿಗಲಿಲ್ಲ. ಹುರಿದ ಮೀನನ್ನು ಎಲೆಯಲ್ಲಿ ಕಟ್ಟಿಸಿಕೊಂಡು ವ್ಯಾನಿನಲ್ಲೇ ತಿಂದೆವು. ಒದ್ದೆ ಜಮಖಾನ ಇಬ್ಬರು ಗಂಡಸರಿಗೂ ಎತ್ತಲಾಗದಷ್ಟು ಭಾರ. ಎಲ್ಲರೂ ಸೇರಿ ಹಿಂಡಿ, ಹೊರಳಿಸಿ, ಎತ್ತಿ ವ್ಯಾನಿನ ಚಾವಣಿಗೆ ಹಗ್ಗದಿಂದ ಬಿಗಿದರು. ಒಂದೂ ಮುಕ್ಕಾಲಿಗೆ ಹೊರಟೆವು. ಘಾಟಿಯುದ್ದಕ್ಕೂ ಕಿಟಕಿಯ ಮೇಲೆ ಕಾವೇರಿ ತೊಟ್ಟಿಕ್ಕುತ್ತಿತ್ತು. ಅಜ್ಜಿ ಕೈ ಹೊರಗೆ ಚಾಚಿ ಹನಿ ಹಿಡಿದು, ವ್ಯರ್ಥವಾಗಬಾರದೆಂದು ಮುಖಕ್ಕೆ ಹಚ್ಚಿಕೊಂಡಳು.

ಊರು ಸೇರಿದಾಗ ಆರಾಗಲು ಐದು ನಿಮಿಷ. ಕೆಂಪಿ ಕೂಗುತ್ತಿತ್ತು. ಸೀರೆ ಬದಲಿಸದೆ ಅಜ್ಜಿ ಹಾಗೇ ಕೂತಳು. ಕೆಂಪಿ ಅವಳ ಸೆರಗನ್ನು ಮೂಸಿ ಕಾಲು ಹಿಂದಿಟ್ಟಿತು. ಹೊಳೆಯ ವಾಸನೆ ಅದಕ್ಕೆ ಹೊಸದು. “ನಾನೇ ಕಣೇ, ಒಗಿಯೋಕ್ಕೆ ಓಗಿದ್ದೆ” ಎಂದಳು ಅಜ್ಜಿ. ಮಾತು ಕೇಳಿ ಹಸು ಹಾಲು ಇಳಿಸಿತು. ಡೈರಿ ಮುಚ್ಚುವ ಮೊದಲು ಅಪ್ಪ ಕ್ಯಾನ್ ಹಿಡಿದು ಓಡಿದ.

ಮರುದಿನ ಬೆಳಿಗ್ಗೆ ಹಿತ್ತಿಲ ಗೋಡೆಯ ಮೇಲೆ ಹರಡಿದ್ದ ಜಮಖಾನವನ್ನು ಮುಟ್ಟಿ ನೋಡಿ ಶಾಲೆಗೆ ಹೋದೆ. ಸೋಮವಾರ, ಮೊದಲ ಪೀರಿಯಡ್. ನನ್ನ ಸರದಿ ಬಂದಾಗ ಎದ್ದು ನಿಂತು, ಮಡಿಕೆ ಬಿದ್ದ ಪಟ್ಟಿಯನ್ನು ಬಿಡಿಸಿ, ತುಟಿಯಿಂದ ನಾಲ್ಕು ಬೆರಳು ದೂರ ಹಿಡಿದೆ. “ನಿನ್ನೆ ನಾವು ಒಗೇನಕಲ್ಲಿಗೆ ಓಗಿದ್ವಿ” ಎಂದೆ. ಟೀಚರ್ ಹುಬ್ಬೇರಿಸಿ, ಇನ್ನೊಮ್ಮೆ ಹೇಳು ಎಂದರು. ನಾನು ಇನ್ನೊಮ್ಮೆ, ಮೊದಲಿಗಿಂತ ಗಟ್ಟಿಯಾಗಿ, ಕಾಗದ ಒಂದಿಷ್ಟೂ ಅಲುಗದ ಹಾಗೆ ಹೇಳಿ ಕೂತೆ.